ಮಲ್ಲಿಗೆಯ ಚಾಟ್ನಿ

ನಾನು ಮನೆಮನೆಗೆ ಹೋಗಿ ಫಿಸಿಯೋಥೆರಪಿ ಮಾಡಿಸುತ್ತಿದ್ದ ಕಾಲ. ಮುಂಬೈ ಹತ್ತಿರದ ಕಲ್ಯಾಣದಲ್ಲಿದ್ದ ಬಿಜಾಪುರ ಕಡೆಯ ಅಜ್ಜನೊಬ್ಬರಿಗೆ ಲಕ್ವಾ ಹೊಡೆದು ಬಲಗೈ ಸೋತಿತ್ತು, ಮಾತೂ ತಡವರಿಸುತ್ತಿತ್ತು. ಎರಡು ವಾರವಾದರೂ ನಾನು ಹೇಳಿದ ಒಂದು ವ್ಯಾಯಾಮವನ್ನೂ ಅವರು ಮಾಡಲಿಲ್ಲ. ಬಾಲ್ಕನಿಯ ಕುಂಡದಲ್ಲಿ ಎದೆಮಟ್ಟಕ್ಕೆ ಬೆಳೆದರೂ ಹೂವೇ ಬಿಡದ ದುಂಡುಮಲ್ಲಿಗೆಯನ್ನು ನೋಡುತ್ತಾ ಕೂರುತ್ತಿದ್ದರು.

ಫೆಬ್ರವರಿಯ ಒಂದು ಬೆಳಿಗ್ಗೆ ಅಜ್ಜಿ ತರಕಾರಿಗೆ ಹೋಗಿದ್ದಾಗ ಅಜ್ಜ ಗಿಡದತ್ತ ಕಣ್ಣು ಮಾಡಿ, "ಕತ್ರಿ" ಎಂದರು. ಅಡುಗೆಮನೆಯಿಂದ ತಂದು ಬಲಗೈಗೇ ಕೊಟ್ಟೆ. ಕೈ ಗಡಗಡ ನಡುಗುತ್ತಿತ್ತು. ಎಲ್ಲಿ ಎಡಗೈ ಬೆರಳನ್ನೇ ಕತ್ತರಿಸಿಕೊಳ್ಳುತ್ತಾರೋ ಎಂದು ನಾನು ಪಕ್ಕದಲ್ಲೇ ಕೈಯೊಡ್ಡಿ ನಿಂತೆ. ಕೊನೆಗೂ ಒಂದು ಟೊಂಗೆ ಬಿತ್ತು. ಆಮೇಲೆ ಅವರನ್ನು ತಡೆಯಲಾಗಲಿಲ್ಲ. ಅರ್ಧ ಗಂಟೆಯಲ್ಲಿ ಗಿಡದಲ್ಲಿ ಉಳಿದದ್ದು ಗೇಣುದ್ದದ ಬೋಳು ಕಡ್ಡಿಗಳು.

ಅಷ್ಟರಲ್ಲಿ ಅಜ್ಜಿ ಬಂದರು.

"ಏನ್ ಮಾಡೀರವ್ವಾ ಇದು? ಮೂರು ವರ್ಷದಿಂದ ಮಗಳಂಗ ಸಾಕೀನಿ ನಾ! ನಾಳಿಂದ ಬರಬ್ಯಾಡ್ರಿ ನೀವು!"

ಅಜ್ಜ ಕತ್ತರಿ ಕೆಳಗಿಡದೆ ಒಂದೊಂದೇ ಮಾತು ಜೋಡಿಸಿದರು: "ಚಾಟ್ನಿ... ಮಾಡಬೇಕ. ಹೊಸಾ ಚಿಗುರಿಗೇ... ಹೂ ಬರ್ತಾವ." ಅವರ ಕಡೆ ಗಿಡದ ಟೊಂಗೆ ಸವರುವುದಕ್ಕೆ ಚಾಟ್ನಿ ಎನ್ನುತ್ತಾರೆ.

ಅಜ್ಜಿಯ ಕಣ್ಣು ಗಿಡ ಬಿಟ್ಟು ಕತ್ತರಿ ಹಿಡಿದ ಆ ಬಲಗೈ ಮೇಲೆ ನಿಂತಿತು. ತರಕಾರಿ ಚೀಲ ಹಿಡಿದೇ ಅಲ್ಲೇ ಕೂತುಬಿಟ್ಟರು. ಆಮೇಲೆ ನನ್ನನ್ನು ಕೇಳಿದರು, "ನಾಳಿ ಎಷ್ಟಕ್ಕ ಬರ್ತೀರಿ?"

ಏಪ್ರಿಲ್ ಹೊತ್ತಿಗೆ ಗಿಡದಲ್ಲಿ ಎಲೆಗಿಂತ ಮೊಗ್ಗೇ ಹೆಚ್ಚಾಗಿತ್ತು. ಈ ಕತ್ತರಿಯ ಸುದ್ದಿ ಕೇಳಿದ್ದ ಪಕ್ಕದ ಮನೆಯವರು ಮಾತ್ರ, ನಾನು ಮೆಟ್ಟಿಲು ಹತ್ತುವುದು ಕಂಡರೆ ತಮ್ಮ ದಾಸವಾಳದ ಕುಂಡವನ್ನು ಒಳಗೆ ಎತ್ತಿಡುತ್ತಿದ್ದರು.