ಕೋಡಿಗೆ ಕಟ್ಟಿದ ಬಲೆ

"ಕಟ್ಟೆಯಣ್ಣ ಏರಿ ಮೇಲೆ ಕಂಡನಾ? ಹಾಗಾದ್ರೆ ಆರು ಗಂಟೆ ಆಯ್ತು, ಒಲೆ ಹಚ್ಚು" ಎಂದು ಕೆಳಗಿನ ಬೀದಿಯವರು ಹೇಳುತ್ತಿದ್ದರು. "ಆ ಮನುಷ್ಯ ಜನರಿಗಿಂತ ನೀರಿನ ಜೊತೆಗೇ ಜಾಸ್ತಿ ಮಾತಾಡ್ತಾನೆ" ಎಂದು ಒಬ್ಬರೆಂದರೆ, "ಮದುವೆನೇ ಆಗಿಲ್ಲವಲ್ರೀ, ಪಾಪ, ನೀರಾದ್ರೂ ಕೇಳಿಸ್ಕೊಳ್ಳಲಿ ಬಿಡಿ" ಎಂದು ಇನ್ನೊಬ್ಬರು. ಬಾಯ್ತುಂಬ ನಗುತ್ತಿದ್ದರು. ತಲೆಯ ಮೇಲೆ ಅಷ್ಟು ನೀರಿಟ್ಟುಕೊಂಡು ಹಾಗೆ ನಗಬೇಕಾದರೆ ಕಾಯುವವನ ಮೇಲೆ ನಂಬಿಕೆ ಇರಬೇಕು. ಅವರಿಗೆ ಇತ್ತು.

ಅದೇನೂ ಸರ್ಕಾರದ ಅಣೆಕಟ್ಟಲ್ಲ. ದೋಣಿ ಬಿಡುವ, ಗಾಳ ಹಾಕುವ ಹುಚ್ಚಿನ ಇಪ್ಪತ್ತು ಮನೆಯವರು ಸಂಘ ಮಾಡಿಕೊಂಡು ಹಳ್ಳಕ್ಕೆ ಅಡ್ಡವಾಗಿ ಹಾಕಿಸಿದ ಮಣ್ಣಿನ ಏರಿ. ನಾಲ್ಕಾಳೆತ್ತರ. ಒಂದು ಬದಿಗೆ ಕೋಡಿ, ಅಂದರೆ ನೀರು ತುಂಬಿದಾಗ ಹೆಚ್ಚಾದದ್ದು ಏರಿ ಹತ್ತದೆ ಹರಿದುಹೋಗಲು ಕಲ್ಲಿನ ದಾರಿ. ಪಕ್ಕದ ದಿಬ್ಬದ ಮೇಲೆ ಎರಡು ಕೋಣೆಯ ಮನೆ, ಕಟ್ಟೆಯಣ್ಣನದು.

ಇಪ್ಪತ್ತೆರಡು ವರ್ಷ ಅವನು ಹೆಗ್ಗಣದ ಬಿಲ ಮುಚ್ಚಿದ, ಬೇರಿಳಿಯುವ ಮುಂಚೆ ಗಿಡ ಕಿತ್ತ. ಏರಿಯ ಬುಡದ ಕೊಳವೆಯಲ್ಲಿ ಜಿನುಗುವ ನೀರನ್ನು ದಿನಾ ಗಾಜಿನ ಲೋಟಕ್ಕೆ ಹಿಡಿದು ಬೆಳಕಿಗೆತ್ತಿ ನೋಡಿದ. ತಿಳಿಯಾಗಿದ್ದರೆ ಸರಿ. ಕದಡಿದ್ದರೆ ಒಳಗೊಳಗೇ ಮಣ್ಣು ಕರಗುತ್ತಿದೆ ಎಂದರ್ಥ. ಒಂದು ದಿನವೂ ಕದಡಿರಲಿಲ್ಲ.

ಕೆಟ್ಟದ್ದು ಮೀನಿನಿಂದ. ಸಂಘದವರು ಮರಿ ಮೀನು ತಂದು ಬಿಟ್ಟರು. ಮಳೆ ಬಂತು, ಕೋಡಿ ಹರಿಯಿತು, ಮೀನೂ ಹರಿಯಿತು. "ನಾವು ಸಾಕೋದು, ಕೆಳಗಿನವರು ಹುರಿಯೋದು. ಚೆನ್ನಾಗಿದೆ ಕಣಯ್ಯಾ!" ಎಂದ ಸಂಘದ ಕಾರ್ಯದರ್ಶಿ. ಕಟ್ಟೆಯಣ್ಣ ಒಂದು ವಾರ ಕೂತು ನೈಲಾನ್ ಬಲೆ ಹೆಣೆದು ಕೋಡಿಗೆ ಅಡ್ಡ ಕಟ್ಟಿದ. ಒಂದು ಮರಿಯೂ ದಾಟಲಿಲ್ಲ. ಸಂಘದವರು ಬಲೆಯ ಮುಂದೆ ಅವನನ್ನು ನಿಲ್ಲಿಸಿ ಫೋಟೋ ತೆಗೆಸಿದರು. ಆ ಫೋಟೋ ಅವನ ಮನೆಯ ಗೋಡೆಗೆ ಬಂತು.

ವರ್ಷಕ್ಕೊಮ್ಮೆ ಏರಿ ನೋಡಲು ಬರುವ ಇಂಜಿನಿಯರ್ ಮೇಡಂ ಬಲೆ ಕಂಡು ಸಿಡಿದರು. "ಎಲೆ, ಕಡ್ಡಿ ಮೆತ್ತಿಕೊಂಡ್ರೆ ಇದು ಬಲೆ ಅಲ್ಲಪ್ಪಾ, ಗೋಡೆ. ಕೋಡಿ ಕಟ್ಟಿಕೊಂಡ್ರೆ ನೀರು ಏರಿ ಹತ್ತುತ್ತೆ. ಮಣ್ಣಿನ ಏರಿ ಎಷ್ಟು ಹೊತ್ತು ತಡೆಯುತ್ತೆ? ಬಿಚ್ಚು, ಈಗಲೇ."

ಬಿಚ್ಚಿದ. ಅವರ ಜೀಪು ತಿರುವು ದಾಟುತ್ತಲೇ ಕಾರ್ಯದರ್ಶಿ, "ಭಾನುವಾರ ಗಾಳದ ಪಂದ್ಯ ಇದೆಯಲ್ಲ?" ಎಂದು ತಲೆ ಕೆರೆದುಕೊಂಡ. "ಜೋರು ಮಳೆ ಹಿಡಿದ ಕೂಡಲೇ ಬಿಚ್ತೀನಿ ಸಾರ್, ಎರಡು ಗಂಟು ತಾನೇ" ಎಂದು ಕಟ್ಟೆಯಣ್ಣ ಮತ್ತೆ ಕಟ್ಟಿದ. ಆಮೇಲೆ ಅದೇ ಪದ್ಧತಿಯಾಯಿತು. ಮೇಡಂ ಬರುವ ಬೆಳಿಗ್ಗೆ ಬಿಚ್ಚುವುದು, ಸಂಜೆ ಕಟ್ಟುವುದು. ನಾಲ್ಕು ವರ್ಷ.

ಆ ದಿನ ಮಧ್ಯಾಹ್ನ ಅವನು ಕೆಳಗಿನ ಬೀದಿಯ ಅಕ್ಕನ ಮನೆಯಲ್ಲಿ ಉಣ್ಣುತ್ತಿದ್ದ. ಅಕ್ಕ ಬಟ್ಟೆ ಹೊಲಿಯುವವಳು. ಮಳೆ ಸುರಿಯತೊಡಗಿತು.

"ಮಷಿನ್ ಎತ್ತಿಸಿ ಅಟ್ಟಕ್ಕಿಡ್ಲೇನೋ?"

"ನಾನಿರೋವಾಗ ಅಟ್ಟ ಯಾಕಕ್ಕಾ? ಸುಮ್ನೆ ಹೊಲಿ."

ಬಲೆಯ ನೆನಪು ಅವನಿಗಿತ್ತು. ಆದರೂ ಇನ್ನೊಂದು ತುತ್ತು, ಇನ್ನೊಂದು ಮಾತು ಎಂದು ಕೂತ. ಮೇಲೆ ಹತ್ತಿ ಬಂದಾಗ ಬಲೆಗೆ ಎಲೆ, ಕಡ್ಡಿ, ಕಿತ್ತ ಬುಡ ಎಲ್ಲ ಮೆತ್ತಿ ನೀರು ಅದಕ್ಕೆ ಬೆನ್ನು ಕೊಟ್ಟು ನಿಂತಿತ್ತು. ಭಾರಕ್ಕೆ ಗಂಟು ಕಲ್ಲಾಗಿತ್ತು. ಉಗುರು ಕಿತ್ತುಬಂತು, ಗಂಟು ಬರಲಿಲ್ಲ. ಕುಡುಗೋಲು ತರಲು ಮನೆಗೆ ಓಡಿ ಹಿಂದಿರುಗುವಷ್ಟರಲ್ಲಿ ಏರಿಯ ನಡುವೆ, ನೆತ್ತಿ ದಾಟಿ, ತೆಳ್ಳನೆ ನೀರು ಹೊಳೆಯುತ್ತ ಹರಿಯುತ್ತಿತ್ತು. ಕುಡುಗೋಲು ಎಸೆದು ಬೀದಿಗಿಳಿದು ಬಾಗಿಲು ಬಾಗಿಲು ಬಡಿದು ಕೂಗಿದ.

ಒಬ್ಬಳ ಹೊರತು ಎಲ್ಲರೂ ದಿಬ್ಬ ಹತ್ತಿದರು. ಒಂದು ಜೀವವೂ ಹೋಗಲಿಲ್ಲ. ಏರಿ ಒಡೆದು ಏಳು ಮನೆ ಹೋದವು. ಮಷಿನ್ ಎತ್ತಲು ಒಳಗೇ ತಡಮಾಡಿದ ಅಕ್ಕನ ಬಲಗೈ ಮೇಲೆ ಗೋಡೆ ಬಿತ್ತು. ಬೆರಳು ಇನ್ನು ಮಡಿಸಲು ಬರುವುದಿಲ್ಲ ಎಂದರು ಡಾಕ್ಟರು.

ಶಾಲೆಯ ಜಗಲಿಯಲ್ಲಿ ಚಾಪೆ ಹಾಸಿಕೊಂಡಿದ್ದ ಜನ ಅವನನ್ನು ಸುತ್ತಿಕೊಂಡರು. "ಕಟ್ಟೆಯಣ್ಣ ಕೂಗದಿದ್ರೆ ನಾವೆಲ್ಲಿರ್ತಿದ್ವಿ?" ಒಬ್ಬ ಅಜ್ಜಿ ಅವನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು. ಆ ಕೈಗಳನ್ನು ಎಲ್ಲಿ ಅಡಗಿಸಲಿ ಎಂದು ಅವನಿಗೆ ತಿಳಿಯಲಿಲ್ಲ. ಕಾರ್ಯದರ್ಶಿ ಮೂಲೆಗೆ ಕರೆದು ಪಿಸುಗುಟ್ಟಿದ: "ಬಲೆ ನೀರಲ್ಲಿ ಕೊಚ್ಚಿಹೋಯ್ತು. ಮೇಡಂ ಕೇಳಿದ್ರೆ ಮಳೆ ಜಾಸ್ತಿ ಆಯ್ತು ಅನ್ನು, ಅಷ್ಟೇ. ಜನ ನಿನ್ನನ್ನ ತಲೆ ಮೇಲೆ ಹೊತ್ತಿದ್ದಾರೆ, ಯಾಕೆ ಇಳೀತೀಯಾ?"

ಮೂರು ದಿನ ಹೊತ್ತಿದ್ದರು. ನಾಲ್ಕನೆಯ ದಿನ ಮೇಡಂ ಜಗಲಿಗೆ ಬಂದು, "ಕೋಡಿ ತೆರೆದೇ ಇತ್ತು ತಾನೇ?" ಎಂದರು. ಕಾರ್ಯದರ್ಶಿ ಕೆಮ್ಮಿದ. ಕಟ್ಟೆಯಣ್ಣ ಎದ್ದು ನಿಂತ.

"ಬಲೆ ಇತ್ತು ಮೇಡಂ. ನಾನೇ ಹೆಣೆದದ್ದು. ನೀವು ಬಂದಾಗ ಬಿಚ್ತಿದ್ದೆ, ಹೋದ ಮೇಲೆ ಕಟ್ತಿದ್ದೆ."

ಅಜ್ಜಿ ಸೆರಗಿನಿಂದ ತನ್ನ ಕೈ ಒರೆಸಿಕೊಂಡಳು. ಕಂಬಕ್ಕೊರಗಿ ಕೂತಿದ್ದ ಅಕ್ಕ ಕೇಳಿದಳು:

"ನನಗೆ ಹೊಲಿ ಅಂದ್ಯಲ್ಲ, ಆಗ ಗೊತ್ತಿತ್ತಾ, ಬಲೆ ಅಲ್ಲೇ ಇದೆ ಅಂತ?"

"ಗೊತ್ತಿತ್ತು ಅಕ್ಕಾ."

"ಗೊತ್ತಿದ್ದೂ ಇನ್ನೊಂದು ಸಲ ಹಾಕಿಸ್ಕೊಂಡು ತಿಂದೆ."

ಅವನು ಹೌದೆಂದು ತಲೆಯಾಡಿಸಿದ. ಅವಳು ಮುಖ ತಿರುಗಿಸಿದಳು.

ಉಳಿದ ಏರಿಯನ್ನೂ ಅಗೆದು ಹಳ್ಳವನ್ನು ಬಿಡಿಸಬೇಕೆಂದು ಆದೇಶ ಬಂತು. ಕಾಯಲು ನೀರಿಲ್ಲ, ಕಾವಲುಮನೆಯನ್ನೂ ಬಿಡಬೇಕು. ಅಕ್ಕ ಹೇಳಿಕಳಿಸಿದ್ದು ಒಂದೇ ಮಾತು: "ಹೋಗೋದಾದ್ರೆ ಬೀದಿಯಲ್ಲೇ ಹೋಗ್ಲಿ. ಕಳ್ಳನ ಹಾಗೆ ಹಿತ್ತಲಿಂದ ದಿಬ್ಬ ದಾಟೋದು ಬೇಡ."

ಹೊರಡುವ ಬೆಳಿಗ್ಗೆ ಅವನು ಕಸ ಗುಡಿಸಿದ. ಗೋಡೆಯ ಫೋಟೋ ಕಳಚಿ, ಮಣ್ಣಲ್ಲಿ ಸಿಕ್ಕಿದ್ದ ಬಲೆಯ ತುಂಡಿನ ಜೊತೆ ಚೀಲಕ್ಕೆ ಹಾಕಿದ. ಎರಡನ್ನೂ ಸಾಕ್ಷಿಯಾಗಿ ಮೇಡಂ ಆಫೀಸಿಗೆ ಒಪ್ಪಿಸಬೇಕಿತ್ತು. ಗಾಜಿನ ಲೋಟವನ್ನು ತೊಳೆದು ಕಿಟಕಿಯಲ್ಲಿ ಬೋರಲು ಹಾಕಿದ. ಹಿಂಬಾಗಿಲಿಗೆ ಒಳಗಿನಿಂದ ಅಗುಳಿ ಹಾಕಿ, ಮುಂಬಾಗಿಲಿನ ಬೀಗ ಎರಡು ಸಲ ಎಳೆದು ನೋಡಿದ. ಆರು ಗಂಟೆಯಾಗಿತ್ತು. ಕೆಳಗೆ ಒಲೆಗಳ ಹೊಗೆ ಏಳುತ್ತಿತ್ತು, ಜನ ಜಗಲಿಯಲ್ಲಿ ಎದ್ದು ಕೂತಿದ್ದರು. ಅವನು ಚೀಲವನ್ನು ಹೆಗಲಿಗೇರಿಸಿ ಬೀದಿಯ ಕಡೆಗೆ ಇಳಿದ.