ಮನೆ ಯಜಮಾನರ ಹೆಸರು

ಕಲಬುರಗಿಯ ನಮ್ಮ ಮನೆಗೆ ವೈಫೈ ಬಂದದ್ದು ಎರಡು ಸಾವಿರದ ಮೊದಲ ದಶಕ ಮುಗಿಯುತ್ತಿದ್ದ ಹೊತ್ತಿಗೆ. ಅದುವರೆಗೆ ಇಂಟರ್‌ನೆಟ್ ಎಂದರೆ ಪಡಸಾಲೆಯ ಟೆಲಿಫೋನಿನ ಪಕ್ಕದಿಂದ ಹೊರಟು, ದೇವರ ಮನೆಯ ಹೊಸ್ತಿಲು ಬಳಸಿ, ನನ್ನ ಕೋಣೆಗೆ ಬರುತ್ತಿದ್ದ ಉದ್ದನೆಯ ನೀಲಿ ಕೇಬಲ್. ಅವ್ವ ಅದನ್ನು ದಿನಾ ಎಡವುತ್ತಿದ್ದಳು, ಎಡವಿದಾಗಲೆಲ್ಲ ನನ್ನನ್ನು ಬೈಯುತ್ತಿದ್ದಳು. ಕೊನೆಗೆ ಒಂದು ಭಾನುವಾರ ಅಪ್ಪ ನನ್ನನ್ನು ಕರೆದುಕೊಂಡು ರೂಟರ್ ತರಲು ಜಗತ್ ಸರ್ಕಲ್ಲಿನ ಅಂಗಡಿಗೆ ಹೊರಟರು.

ಅಪ್ಪ ಕಮಲಾಪುರದ ಶಾಲೆಯಲ್ಲಿ ಗಣಿತದ ಮೇಷ್ಟ್ರು, ದಿನವೂ ಬಸ್ಸಿನಲ್ಲಿ ಹೋಗಿಬರುವವರು. ಆದರೆ ಹುಟ್ಟಿ ಬೆಳೆದದ್ದು ಮಹಾಗಾಂವದ ಒಕ್ಕಲುತನದ ಮನೆಯಲ್ಲಿ. ಫ್ಯಾನ್ ಕೊಳ್ಳಲಿ, ಚಪ್ಪಲಿ ಕೊಳ್ಳಲಿ, ಎತ್ತು ಕೊಳ್ಳುವವರ ಹಾಗೆ ಹಿಂದೆ ಮುಂದೆ ನೋಡಿ, ತಟ್ಟಿ, ಅನುಮಾನಪಟ್ಟೇ ಕೊಳ್ಳುತ್ತಾರೆ. ಅಂಗಡಿಯವನು ಎರಡು ಡಬ್ಬಿ ಮುಂದಿಟ್ಟ. ಒಂದಕ್ಕೆ ಒಂದೇ ಆಂಟೆನಾ, ಇನ್ನೊಂದಕ್ಕೆ ಎರಡು.

“ಇದು ಭೀ ಚಲೋ ಅದ ಸರ್, ಸಣ್ಣ ಮನಿಗಿ ಸಾಕಾಗ್ತದ,” ಎಂದು ಅವನು ಒಂಟಿ ಆಂಟೆನಾದ್ದನ್ನು ತೋರಿಸಿದ.

“ಒಂದ ಕೋಡಿಂದು ಯಾರರೆ ಮನಿಗಿ ಹೊಡ್ಕೊಂಡು ಹೋಗ್ತಾರೇನು? ಜೋಡು ಕೋಡಿಂದು ಕೊಡ್ರಿ,” ಎಂದರು ಅಪ್ಪ.

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಭೂಮಿ ಬಾಯಿ ಬಿಡಬಾರದೇ ಎಂದು ನನಗನ್ನಿಸಿತು.

ಸಂಜೆ ಅಂಗಡಿಯವನೇ ಸ್ಕೂಟರಿನಲ್ಲಿ ಬಂದ. ನಮ್ಮದು ಕಲ್ಲಿನ ಗೋಡೆಯ ಹಳೇ ಮನೆ. ಪಡಸಾಲೆಯಲ್ಲಿಟ್ಟರೆ ನನ್ನ ಕೋಣೆಗೆ ಸಿಗ್ನಲ್ ಇಲ್ಲ, ಕೋಣೆಯಲ್ಲಿಟ್ಟರೆ ಪಡಸಾಲೆಗಿಲ್ಲ. ಊರೆಲ್ಲ ಸುತ್ತಿ ರೂಟರ್ ಕೊನೆಗೆ ಅಡುಗೆಮನೆಯ ಬಾಗಿಲ ಮೇಲಿನ ಹಲಗೆಯಲ್ಲಿ, ಒಣಮೆಣಸಿನಕಾಯಿ ಡಬ್ಬಿಯ ಪಕ್ಕ ಕೂತಿತು. ಪಾಸ್‌ವರ್ಡ್ ಹಾಕುವ ಹೊತ್ತಿಗೆ ಅಪ್ಪ ಅವ್ವನನ್ನೂ ನನ್ನನ್ನೂ ಅಂಗಳಕ್ಕೆ ಕಳಿಸಿ ಬಾಗಿಲು ಮುಂದೆ ಮಾಡಿಕೊಂಡರು. ಆಮೇಲೆ ನನ್ನ ಲ್ಯಾಪ್‌ಟಾಪಿನಲ್ಲೂ ತಾವೇ ಒಂದೊಂದೇ ಅಕ್ಷರ ಹುಡುಕಿ ಒತ್ತಿಕೊಟ್ಟರು. ಅವ್ವನಿಗೆ ಮಾತ್ರ, “ಮನಿ ಯಜಮಾನರ ಹೆಸರ ಇಟ್ಟೀನಿ, ಮರೀಬ್ಯಾಡ,” ಎಂದರಂತೆ. ಮರುದಿನ ನೀಲಿ ಕೇಬಲ್‌ನ ಎರಡೂ ತುದಿ ಕತ್ತರಿಸಿ ಅಂಗಳದಲ್ಲಿ ಬಟ್ಟೆ ಒಣಹಾಕುವ ಹಗ್ಗ ಮಾಡಿದರು. ವೈರ್ ಇಲ್ಲದ ಮನೆಯಲ್ಲಿ ವೈರ್ ಯಾಕೆ ಎಂಬುದು ಅವರ ವಾದ.

ಎಂ.ಎ. ಮುಗಿಸಿ ಮನೆಯಲ್ಲಿ ಕೂತಿದ್ದ ನನಗೆ ಆಗಲೇ ಒಂದು ಅವಕಾಶ ಬಂತು. ಹೈದರಾಬಾದಿನ ಕಾಲೇಜೊಂದು ಉಪನ್ಯಾಸಕಿಯ ಕೆಲಸಕ್ಕೆ ಕಂಪ್ಯೂಟರಿನಲ್ಲೇ ಸಂದರ್ಶನ ಮಾಡುತ್ತೇವೆಂದಿತು. ಇದೂ ಕೈತಪ್ಪಿದರೆ ನನ್ನ ಮದುವೆಯ ಮಾತು ಶುರು ಎಂದು ಮನೆಯಲ್ಲಿ ಆಗಲೇ ತೀರ್ಮಾನವಾಗಿತ್ತು. ನಾನು ಜಾಣತನ ಮಾಡಿ ಹಿಂದಿನ ದಿನವೇ ಲ್ಯಾಪ್‌ಟಾಪನ್ನು ಫಾರ್ಮ್ಯಾಟ್ ಮಾಡಿಸಿ ತಂದೆ. ಸಂದರ್ಶನಕ್ಕೆ ಸ್ವಲ್ಪ ಮುಂಚೆ ತೆರೆದರೆ ಅದು ಎಲ್ಲವನ್ನೂ ಮರೆತು ಪಾಸ್‌ವರ್ಡ್ ಕೇಳುತ್ತಿದೆ. ಅಪ್ಪ ಶಾಲೆಯಲ್ಲಿ, ಅವರ ಫೋನು ವ್ಯಾಪ್ತಿ ಪ್ರದೇಶದ ಹೊರಗೆ. ಸೇಡಂ ರಸ್ತೆಯ ಸೈಬರ್ ಕೆಫೆಗೆ ಓಡೋಣವೆಂದರೆ ಅಲ್ಲಿ ಕ್ಯಾಮೆರಾ ಇಲ್ಲ.

“ಮನಿ ಯಜಮಾನರ ಹೆಸರಂತ,” ಎಂದಳು ಅವ್ವ.

ಅಪ್ಪನ ಹೆಸರು ಒತ್ತಿದೆ. ತಪ್ಪು. ಕನ್ನಡದ ಒಂದು ಹೆಸರನ್ನು ಇಂಗ್ಲಿಷಿನಲ್ಲಿ ಎಷ್ಟು ಬಗೆಯಲ್ಲಿ ಕೆಡಿಸಬಹುದೋ ಅಷ್ಟೂ ಬಗೆಯಲ್ಲಿ ಕೆಡಿಸಿದೆ. ಎಲ್ಲವೂ ತಪ್ಪು.

“ಯವ್ವಾ, ಮಹಾಗಾಂವದಾಗ ಅವರಿಗಿ ಬ್ಯಾರೆ ಹೆಸರ್ಲೆ ಕರೀತಿದ್ರಲ್ಲ, ಅದೇನು?”

“ನಾ ಹ್ಯಾಂಗ ಹೇಳ್ಲಿ? ಗಂಡನ ಹೆಸರ ಬಾಯಿಲೆ ಅಂತಾರೇನು ಯಾರರೆ?”

“ನನ್ನ ನೌಕ್ರಿ ಹೋಗ್ತದ, ಹೇಳ ಯವ್ವಾ!”

“ತಡಿ, ಒಡಪು ಹಾಕಿ ಹೇಳ್ತೀನಿ.”

ನಮ್ಮ ಕಡೆ ಹೆಂಗಸರು ಗಂಡನ ಹೆಸರು ಹೇಳಲೇಬೇಕಾದಾಗ ಒಂದು ಪ್ರಾಸದ ಸಾಲು ಕಟ್ಟಿ, ಅದರೊಳಗೆ ಹೆಸರನ್ನು ಅಡಗಿಸಿ ಹೇಳುತ್ತಾರೆ. ಅದೇ ಒಡಪು. ಗಡಿಯಾರ ಓಡುತ್ತಿದೆ, ನನಗೆ ಮೈಯೆಲ್ಲ ಉರಿ. ಅವ್ವ ಮಾತ್ರ ಕೈ ತೊಳೆದು, ತಲೆಯ ಮೇಲೆ ಸೆರಗು ಎಳೆದು, ಗೋಡೆಯ ಕಡೆ ಮುಖ ಮಾಡಿ ನಿಂತಳು. “ಮಹಾಗಾಂವ ಬಸ್ಸಿಗಿ ಕಿಟಕಿ ಎಂಟು,” ಎಂದು ಶುರು ಮಾಡಿ, ನಡುವೆ ಊರಲ್ಲಿ ಅಪ್ಪನನ್ನು ಕರೆಯುತ್ತಿದ್ದ ಹೆಸರನ್ನು ಇರುವೆಗೂ ಕೇಳಿಸದಂತೆ ಹೇಳಿ, “ಅವರಿಗೂ ನನಗೂ ಏಳು ಜನ್ಮದ ನಂಟು,” ಎಂದು ಮುಗಿಸಿದಳು. ಅಷ್ಟು ಶಾಸ್ತ್ರೋಕ್ತವಾಗಿ ಹೊರಬಂದ ಹೆಸರನ್ನು ಕಿವಿಗೊಟ್ಟು ಹಿಡಿದು ಒತ್ತಿದರೆ, ಲ್ಯಾಪ್‌ಟಾಪ್ ಅದನ್ನೂ ತಪ್ಪು ಎಂದಿತು.

ಅಷ್ಟರಲ್ಲಿ ಅಪ್ಪನ ಫೋನು ಬಂತು. ಸ್ಪೀಕರಿಗೆ ಹಾಕಿ, ಅವರ ಯಾವ ಹೆಸರೂ ನಡೆಯುತ್ತಿಲ್ಲವೆಂದು ಕಿರುಚಿಕೊಂಡೆ.

“ನನ್ನ ಹೆಸರ್ಯಾಕ ಹಾಕ್ಲಾಕತ್ತಿ?” ಎಂದರು ಅಪ್ಪ. “ಆ ಮನ್ಯಾಗ ನಾ ಯಾವಾಗ ಯಜಮಾನ ಆಗೀನಿ?”

“ಮತ್ತ ಯಾರದ್ರಿ?”

ಅವರ ದನಿ ಸಣ್ಣಗಾಯಿತು. “ನಿಮ್ಮವ್ವಂದು. ತವರಮನಿ ಹೆಸರು.”

ಮದುವೆಯಲ್ಲಿ ಅವ್ವನ ಹೆಸರು ಬದಲಾಯಿಸಿದ್ದರೆಂದು ಗೊತ್ತಿತ್ತು. ಹಳೆಯ ಹೆಸರು ಏನೆಂದು ನಾನು ಒಮ್ಮೆಯೂ ಕೇಳಿರಲಿಲ್ಲ.

“ಅದೇನು ಹೆಸರ್ರಿ ಅಪ್ಪಾ? ಲಗೂನ ಹೇಳ್ರಿ!”

“ಸ್ಟಾಫ್ ರೂಮಿನ್ಯಾಗ ಕುಂತೀನಿ. ಹೆಡ್ ಮಾಸ್ತರ್ ಅದಾರ ಇಲ್ಲಿ... ಆಕಿಗೇ ಕೇಳು,” ಎಂದು ಫೋನಿಟ್ಟೇಬಿಟ್ಟರು.

ತಿರುಗಿ ನೋಡಿದೆ. ಅವ್ವ ಬಾಗಿಲ ಮೇಲಿನ ಜೋಡು ಕೋಡನ್ನು ನೋಡುತ್ತ ನಿಂತಿದ್ದಳು. ಸೆರಗು ಹೆಗಲಿಗೆ ಜಾರಿದ್ದೂ ಅವಳಿಗೆ ತಿಳಿದಿರಲಿಲ್ಲ.

“ಆ ಹೆಸರ ಅವರಿಗಿ ಇನ್ನಾ ನೆನಪದೇನು?” ಎಂದಳು.

ಆಮೇಲೆ ಒಡಪಿಲ್ಲದೆ, ಗೋಡೆಗೆ ತಿರುಗದೆ, ಶಾಲೆಯ ಹಾಜರಿಗೆ ಎದ್ದು ನಿಂತವಳ ಹಾಗೆ ಸ್ಪಷ್ಟವಾಗಿ ಹೇಳಿದಳು. ನಾನು ಒತ್ತಿದೆ, ಒಂದೇ ಏಟಿಗೆ ನೆಟ್ ಬಂತು. ಕಣ್ಣು ಒದ್ದೆಯಾಗಿದ್ದರಿಂದ ಹೈದರಾಬಾದಿನವರ ಮುಖಗಳು ಮೊದಲು ಸರಿಯಾಗಿ ಕಾಣಲಿಲ್ಲ. “ನಮ್ಮ ಮಾತು ಕೇಳಿಸುತ್ತಿದೆಯೇ?” ಎಂದು ಅವರು ಇಂಗ್ಲಿಷಿನಲ್ಲಿ ಕೇಳಿದಾಗ ಬಾಗಿಲಲ್ಲಿದ್ದ ಅವ್ವ, “ಕೇಳ್ತದ್ರಿ, ಕೇಳ್ತದ,” ಎಂದಳು. ಆದರೂ ನನಗೆ ಕೆಲಸ ಸಿಕ್ಕಿತು.

ಜೋಡು ಕೋಡಿನ ಡಬ್ಬಿ ಹೋಗಿ ಅದರ ಜಾಗಕ್ಕೆ ಬೇರೆ ಬೇರೆ ಡಬ್ಬಿಗಳು ಬಂದಿವೆ. ಪಾಸ್‌ವರ್ಡ್ ಮಾತ್ರ ಅದೇ, ಆದ್ದರಿಂದ ಅವ್ವನ ಹೆಸರನ್ನು ಇಲ್ಲಿ ಬರೆಯಲಾರೆ. ಬಂದ ನೆಂಟರು ಪಾಸ್‌ವರ್ಡ್ ಕೇಳಿದರೆ ಅಪ್ಪ ಈಗಲೂ “ಒಳಗ ಕೇಳ್ರಿ,” ಎಂದು ಪೇಪರಿನ ಹಿಂದೆ ಮುಖ ಮುಚ್ಚಿಕೊಳ್ಳುತ್ತಾರೆ. ಅವ್ವ ಹಿಟ್ಟಿನ ಕೈಯಲ್ಲೇ ಹೊರಗೆ ಬಂದು ತನ್ನ ಹೆಸರು ಹೇಳುತ್ತಾಳೆ. ಅವರು ಬರೆದುಕೊಂಡ ಮೇಲೂ, ಕೇಳಿಸಿತೋ ಇಲ್ಲವೋ ಎಂದು, ಇನ್ನೊಮ್ಮೆ ಹೇಳುತ್ತಾಳೆ.