ಪಾದ್ರಿ ವಕೀಲರ ಮನೆಯ ಹೊಲಿಗೆ ಯಂತ್ರ

ವಕೀಲರ ಮನೆಗೆ ಮೊದಲ ಸಲ ಬಂದವರು ಬಾಗಿಲಲ್ಲೇ ತಬ್ಬಿಬ್ಬಾಗುತ್ತಿದ್ದರು. ಹೊರಗಿನ ಬೋರ್ಡು ವಕೀಲರದು, ಒಳಗಿನ ಸದ್ದು ಹೊಲಿಗೆ ಯಂತ್ರದ್ದು. ಮುಂದಿನ ಕೋಣೆಯ ಕಿಟಕಿಯ ಬಳಿ ಟೈಲರಮ್ಮ ಕೂತು ಯಂತ್ರ ತುಳಿಯುತ್ತಿದ್ದರೆ, ಅದರಾಚೆ ಕಾನೂನು ಪುಸ್ತಕಗಳ ಕಪಾಟಿಗೆ ಬೆನ್ನು ಕೊಟ್ಟು ವಕೀಲರು ಕಕ್ಷಿದಾರರ ಗೋಳು ಕೇಳುತ್ತಿದ್ದರು. ಯಾರಾದರೂ ದನಿ ತಗ್ಗಿಸಿ ಗುಟ್ಟಿನ ಮಾತು ತೆಗೆದರೆ ಟೈಲರಮ್ಮ ತಮ್ಮ ಕಿವಿಗೆ ಬೀಳದಿರಲೆಂದು ಇನ್ನೂ ಜೋರಾಗಿ ತುಳಿಯುತ್ತಿದ್ದರು. ಇಪ್ಪತ್ತೆಂಟು ವರ್ಷ ಹೀಗೇ ನಡೆಯಿತು. ಈ ಯಂತ್ರ ಇಲ್ಲಿಗೇಕೆ ಬಂತೆಂದು ಕೇಳಿದರೆ ವಕೀಲರು ಕನ್ನಡಕ ಒರೆಸಿಕೊಳ್ಳುತ್ತ, ನನ್ನ ತಪ್ಪಿನಿಂದ ಬಂತು ಎನ್ನುತ್ತಿದ್ದರು. ಅದಕ್ಕಿಂತ ಹೆಚ್ಚು ಒಂದಕ್ಷರ ಹೊರಡುತ್ತಿರಲಿಲ್ಲ.

ಕೋರ್ಟಿನಲ್ಲಿ ಅವರಿಗೆ ಪಾದ್ರಿ ವಕೀಲರು ಎಂದೇ ಹೆಸರು. ಬೆಳಗಿನ ಪೂಜೆ ಮುಗಿಸದೆ ಕರಿ ಕೋಟು ಮುಟ್ಟುವವರಲ್ಲ, ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಳ್ಳದೆ ವಾದಕ್ಕೆ ಏಳುವವರಲ್ಲ. ಚರ್ಚಿನಲ್ಲಿ ಗುರುಗಳೆದುರು ಪಾಪನಿವೇದನೆಗೆ ಹೋದರೂ ಒಂದು, ಎರಡು, ಮೂರು ಎಂದು ಅಂಶವಾರು ಹೇಳಿ, ಒಂದೊಂದಕ್ಕೂ ಸಂದರ್ಭ ವಿವರಿಸುತ್ತಿದ್ದರಂತೆ. ಪಾಪ ಮಾತ್ರ ಸಾಕು ಮಹಾರಾಯರೇ, ವಾದ ಬೇಡ, ಎಂದು ಗುರುಗಳು ಬೇಡಿಕೊಂಡದ್ದನ್ನು ತಾವೇ ಹೇಳಿಕೊಂಡು ನಗುತ್ತಿದ್ದರು. ಮಗಳು ಚಿಕ್ಕವಳಿದ್ದಾಗ ರಿಬ್ಬನ್ನನ್ನು ಹಲ್ಲಲ್ಲಿ ಕಚ್ಚಿಕೊಂಡು ಅವಳಿಗೆ ಜಡೆ ಹೆಣೆಯುತ್ತ, ಆವತ್ತಿನ ವಾದವನ್ನು ಅವಳ ನೆತ್ತಿಗೇ ಒಪ್ಪಿಸುತ್ತಿದ್ದರು. ಕೇಸು ಗಟ್ಟಿಯಿದ್ದ ದಿನ ಜಡೆ ಬಿಗಿ. ಇಲ್ಲದ ದಿನ ಮಗಳು ಶಾಲೆ ಮುಟ್ಟುವುದರೊಳಗೆ ಕೂದಲು ಕೆದರಿರುತ್ತಿತ್ತು. ಅವರ ಹೆಂಡತಿ, ಎಲ್ಲರ ಬಾಯಲ್ಲಿ ಅಮ್ಮಾವ್ರು, ಜಡೆ ನೋಡಿಯೇ ಆವತ್ತಿನ ತೀರ್ಪು ಹೇಳಿಬಿಡುತ್ತಿದ್ದರು.

ಇಂಥ ಗಂಡನ ಮೇಲೆ ಅಮ್ಮಾವ್ರಿಗೆ ಒಂದೇ ಒಂದು ಸಿಟ್ಟಿತ್ತು. ಆದರೆ ಅದು ಇಪ್ಪತ್ತೆಂಟು ವರ್ಷ ಆರದ ಸಿಟ್ಟು.

ಆಗ ಟೈಲರಮ್ಮನಿಗೆ ಪೇಟೆಯ ಮೂಲೆಯಲ್ಲಿ ಪುಟ್ಟ ಅಂಗಡಿಯಿತ್ತು. ಗಂಡ ಬಿಟ್ಟುಹೋದ ಮೇಲೆ ಅದೇ ಅಂಗಡಿಯಲ್ಲಿ ಆಕೆ ಒಬ್ಬರೇ ಬದುಕು ಕಟ್ಟಿಕೊಂಡಿದ್ದರು. ಕಟ್ಟಡದ ಯಜಮಾನ ಅಂಗಡಿ ಬಿಡಿಸಬೇಕೆಂದು ಕೇಸು ಹಾಕಿ ಗೆದ್ದ. ಮೇಲಿನ ಕೋರ್ಟಿಗೆ ಅಪೀಲು ಹೋಗಲು ಇದ್ದದ್ದು ಮೂವತ್ತು ದಿನ. ಆಕೆಯ ಕೇಸು ಹಿಡಿದಿದ್ದವರು ಈ ವಕೀಲರೇ, ಕಾಗದಪತ್ರ ಎಲ್ಲ ತಯಾರಿತ್ತು. ವಕೀಲರ ಗೋಡೆಯಲ್ಲಿ ಒಂದೇ ಮೊಳೆ, ಅದರಲ್ಲಿ ಎರಡು ಕ್ಯಾಲೆಂಡರ್: ಕೋರ್ಟಿನದು ಕೆಳಗೆ, ಅದರ ಮೇಲೆ ಚರ್ಚಿನದು. ಇನ್ನೊಂದು ಮೊಳೆ ಹೊಡೆಯೋಣ ಎಂದು ಗುಮಾಸ್ತರು ಹೇಳಿ ಹೇಳಿ ಸಾಕಾಗಿದ್ದರು. ಗಾರೆ ಉದುರುತ್ತದೆ ಎಂದು ವಕೀಲರು ಕೇಳಿರಲಿಲ್ಲ. ಮೂವತ್ತನೆಯ ದಿನದ ಅಂಕಿ ಚರ್ಚಿನ ಕ್ಯಾಲೆಂಡರಿನಲ್ಲಿ ಕೆಂಪಗಿತ್ತು. ಎಲ್ಲ ಭಕ್ತರೂ ಪೂಜೆಗೆ ಹೋಗಲೇಬೇಕಾದ ದಿನ ಅದು. ಹುಟ್ಟಿದಂದಿನಿಂದ ಆ ದಿನ ಅವರ ಮನೆಯಲ್ಲಿ ಯಾರೂ ಕೆಲಸ ಮುಟ್ಟಿದವರಲ್ಲ. ಕೆಂಪು ಕಂಡದ್ದೇ ತಡ, ರಜೆ ಎಂದುಕೊಂಡು ವಕೀಲರು ನಿಶ್ಚಿಂತೆಯಿಂದ ಚರ್ಚಿಗೆ ಹೋದರು. ಕೋರ್ಟು ಮಾತ್ರ ಬಾಗಿಲು ತೆರೆದುಕೊಂಡೇ ಇತ್ತು.

ತಪ್ಪು ಮರುದಿನ ಗೊತ್ತಾಯಿತು. ಒಂದೇ ದಿನದ ತಡ, ಕ್ಷಮಿಸಿ ಎಂದು ಕೇಳಿಕೊಳ್ಳಲು ದಾರಿಯಿತ್ತು, ಆದರೆ ತಡವೇಕಾಯಿತೆಂದು ಪ್ರಮಾಣ ಮಾಡಿ ಹೇಳಬೇಕು. ಮನೆಯ ಡಾಕ್ಟರು ಹಳೆಯ ಸ್ನೇಹಿತರು. ಜ್ವರವಿತ್ತು ಎಂದು ಚೀಟಿ ಬರೆದು ತಂದು ಮೇಜಿನ ಮೇಲಿಟ್ಟೇ ಹೋದರು. ಆ ಚೀಟಿ ಎರಡು ದಿನ ಅಲ್ಲೇ ಬಿದ್ದಿತ್ತು. ವಕೀಲರು ಊಟ ಬಿಟ್ಟರು, ನಿದ್ದೆ ಬಿಟ್ಟರು. ಎರಡನೆಯ ದಿನ ಸಂಜೆ ಚೀಟಿಯನ್ನು ಜೇಬಿಗೆ ಹಾಕಿಕೊಂಡು ಎಲ್ಲಿಗೋ ಹೋಗಿ ಬಂದರು. ಅಮ್ಮಾವ್ರು ಚರ್ಚಿಗೆ ಹೋಗಿರಬೇಕು ಎಂದುಕೊಂಡರು.

ವಿಚಾರಣೆಯ ದಿನ ನ್ಯಾಯಾಧೀಶರು ಅವರ ಸೊರಗಿದ ಮುಖ ನೋಡಿ, ಆರೋಗ್ಯ ಸರಿಯಿರಲಿಲ್ಲವೇ, ಎಂದು ತಾವಾಗಿಯೇ ದಾರಿ ತೋರಿಸಿದರಂತೆ. ಇವರು ಬೈಬಲ್ ಮೇಲೆ ಕೈಯಿಟ್ಟು, ಆರೋಗ್ಯವಾಗಿದ್ದೆ ಸ್ವಾಮಿ, ಚರ್ಚಿನಲ್ಲಿದ್ದೆ, ಎಂದರಂತೆ. ಕೋರ್ಟಿಗೆ ಕೋರ್ಟೇ ನಕ್ಕಿತಂತೆ. ಪಂಚಾಂಗ ನೋಡದ ವಕೀಲರಿಗೆ ಕ್ಷಮೆಯಿಲ್ಲ ಎಂದು ಅಪೀಲು ವಜಾ ಆಯಿತು. ಅಂಗಡಿ ಹೋಯಿತು. ಮರುದಿನವೇ ವಕೀಲರು ಮುಂದಿನ ಕೋಣೆಯಿಂದ ತಮ್ಮ ಮೇಜನ್ನು ಹಿಂದಕ್ಕೆ ಎಳೆದು, ಬೆಳಕು ಬೀಳುವ ಜಾಗವನ್ನು ಯಂತ್ರಕ್ಕೆ ಬಿಟ್ಟುಕೊಟ್ಟರು. ಗೋಡೆಗೆ ಇನ್ನೊಂದು ಮೊಳೆಯೂ ಬಂತು. ಗಾರೆ ಒಂದಿಷ್ಟೂ ಉದುರಲಿಲ್ಲ.

ಆವತ್ತು ಅಮ್ಮಾವ್ರು ಅಡುಗೆಮನೆಯ ಬಾಗಿಲಲ್ಲಿ ನಿಂತು ಒಂದು ಮಾತು ಅಂದುಬಿಟ್ಟರು.

"ನಿಮ್ಮ ಆತ್ಮ ಬೆಳ್ಳಗಿರ್ಲಿ ಅಂತ ಆ ಹೆಂಗಸಿನ ಬದುಕು ಬೀದಿಗೆ ಹಾಕಿದ್ರಲ್ಲ ರೀ. ನಿಮ್ಮ ಕೈ ತೊಳ್ಕೊಳ್ಳೋಕೆ ಅವರ ಮನೆ ನೀರೇ ಬೇಕಿತ್ತಾ?"

ಸಾಕ್ಷಿಗಳನ್ನು ಮಾತಿನಲ್ಲೇ ಕಟ್ಟಿಹಾಕುತ್ತಿದ್ದ ಮನುಷ್ಯ ತಲೆ ಬಗ್ಗಿಸಿ ಹೋಗಿ ಜಪಸರ ಹಿಡಿದು ಕೂತರು.

ಅಂದಿನಿಂದ ಸಂಜೆಯ ಪ್ರಾರ್ಥನೆಗೆ ಒಂದು ಬಾಲ ಅಂಟಿಕೊಂಡಿತು. ಜಪಸರ ಮುಗಿದ ಮೇಲೆ ವಕೀಲರು ಕಣ್ಣು ಮುಚ್ಚಿ, "ನನ್ನ ನಾಲಿಗೆ ಸುಳ್ಳಿಗೆ ಬೀಳದಂತೆ ತಡೆದ ಕೈಯನ್ನು ಹರಸು, ಪ್ರಭುವೇ," ಎನ್ನುತ್ತಿದ್ದರು. ಮಗನೂ ಮಗಳೂ ಆಮೆನ್ ಎನ್ನುತ್ತಿದ್ದರು. ಅಮ್ಮಾವ್ರು ತುಟಿ ಬಿಗಿದು ಕೂರುತ್ತಿದ್ದರು. ದೇವರ ಕಾವಲು ದೂತ ಬಂದು ಇವರ ಬಾಯಿಗೆ ಕೈ ಅಡ್ಡ ಹಿಡಿದನಂತೆ, ಅದಕ್ಕೆ ದಿನಾ ವಂದನೆ ಬೇರೆ. ಅಂಗಡಿ ಕಳೆದುಕೊಂಡವರು ಯಾರೋ, ಮೆರೆಯುವವರು ಯಾರೋ! ಉಳಿದೆಲ್ಲ ಪ್ರಾರ್ಥನೆಗೂ ಆಕೆಯದೇ ಮೊದಲ ಆಮೆನ್, ಇದೊಂದಕ್ಕೆ ಮಾತ್ರ ಎಂದೂ ಇಲ್ಲ. ವಕೀಲರು ಅದಕ್ಕಾಗಿ ಒಂದು ಗಳಿಗೆ ಕಾಯುತ್ತಿದ್ದರು, ಆಮೇಲೆ ಎದ್ದು ದೀಪ ಆರಿಸುತ್ತಿದ್ದರು. ಹಾಗೆಂದು ಸಂಸಾರವೇನೂ ಕೆಡಲಿಲ್ಲ. ಬಾಣಂತನ, ಮದುವೆ, ಮೊಮ್ಮಕ್ಕಳು, ಗಂಡನ ಮಂಡಿನೋವು, ಎಲ್ಲವನ್ನೂ ಇಬ್ಬರೂ ಒಟ್ಟಿಗೇ ದಾಟಿದರು. ಆ ಒಂದು ಆಮೆನ್ ಮಾತ್ರ ಬಾಕಿ ಉಳಿಯಿತು.

ಒಂದು ಮಧ್ಯಾಹ್ನ ವಕೀಲರು ಕುರ್ಚಿಯಲ್ಲಿ ಕೂತಂತೆಯೇ ಹೋಗಿಬಿಟ್ಟರು. ಮರುದಿನ ಬೆಳಗ್ಗೆ ಕರಿ ಕೋಟು ಹಾಕೋಣವೆಂದರೆ ಮೈ ಇಳಿದುಹೋಗಿ ಅದು ದೊಗಳೆಯಾಗಿತ್ತು. ಟೈಲರಮ್ಮ ಕೋಟನ್ನು ಕಿಟಕಿಯ ಬಳಿಗೆ ಒಯ್ದು, ಯಂತ್ರ ಮುಟ್ಟದೆ ಕೈಯಲ್ಲೇ ಹೊಲಿಗೆ ಬಿಗಿಮಾಡತೊಡಗಿದರು. ಅಮ್ಮಾವ್ರು ಪಕ್ಕದಲ್ಲಿ ಕೂತರು. ಗಂಡನ ಪರವಾಗಿ ಕ್ಷಮೆ ಕೇಳುವುದೊಂದು ಉಳಿದಿತ್ತು, ಮಣ್ಣಾಗುವ ಮುಂಚೆ ಅದು ಆಗಬೇಕಿತ್ತು.

"ನಿಮ್ಮ ಅಂಗಡಿ ಹೋಗಿದ್ದಕ್ಕೆ ಅವರನ್ನ ಕ್ಷಮಿಸಿಬಿಡಿ. ಒಂದು ಜ್ವರ ಅಂತ ಅಂದಿದ್ರೆ ಮುಗೀತಿತ್ತು. ಹಟ ಮಾಡಿದ್ರು."

ಟೈಲರಮ್ಮನ ಸೂಜಿ ನಿಂತಿತು.

"ಹಟ ಅವರದಲ್ಲ ಅಮ್ಮಾವ್ರೇ, ನಂದು. ನಿಮಗೆ ಹೇಳೇ ಇಲ್ವಾ ಅವರು?"

ಆ ಸಂಜೆ ವಕೀಲರು ಚೀಟಿ ಹಿಡಿದುಕೊಂಡು ಹೋದದ್ದು ಚರ್ಚಿಗಲ್ಲ, ಅಂಗಡಿಗೆ. ತಪ್ಪು ನಂದು, ಅದಕ್ಕೆ ನೀವು ಬೀದಿಗೆ ಬೀಳೋದು ಬೇಡ, ನಾಳೆ ಜ್ವರವಿತ್ತು ಅಂತ ಪ್ರಮಾಣ ಮಾಡ್ತೀನಿ, ಪಾಪ ನನಗಿರಲಿ, ಎಂದಿದ್ದರಂತೆ. ಟೈಲರಮ್ಮ ಆ ಚೀಟಿಯನ್ನು ಅವರ ಕೈಯಿಂದ ತೆಗೆದುಕೊಂಡು, ಬಟ್ಟೆ ಕತ್ತರಿಸುವ ಕತ್ತರಿಯಲ್ಲೇ ತುಂಡು ಮಾಡಿ ಹಾಕಿದ್ದರು.

"ಅಂಗಡಿ ಹೋದ್ರೆ ಇನ್ನೊಂದು ಕಡೆ ಕೂತು ಹೊಲಿತೀನಿ. ನನಗೋಸ್ಕರ ಅವರು ದೇವರ ಮುಂದೆ ತಲೆ ತಗ್ಗಿಸಿದ್ರೆ ನಾನು ಹೆಂಗೆ ನಿದ್ದೆ ಮಾಡ್ಲಿ? ಬೇಡ ಅಂದೆ. ಎಷ್ಟು ಅತ್ತರು ಗೊತ್ತಾ ಅವರು."

ನೀವು ಯಾಕೆ ನನಗೆ ಹೇಳಲಿಲ್ಲ ಎಂದು ಅಮ್ಮಾವ್ರು ಕೇಳಿದರು. ಗಂಡ ಹೆಂಡತಿಗೆ ಹೇಳದೆ ಇರ್ತಾರಾ ಅಂದ್ಕೊಂಡೆ, ಎಂದರು ಟೈಲರಮ್ಮ. ಆದರೆ ಆ ಗಂಡ ವಕೀಲ. ಕಕ್ಷಿದಾರಳು ನಂಬಿ ಆಡಿದ ಮಾತು ಅದು. ಹೊರಗೆ ಬಿದ್ದರೆ, ತನ್ನ ಅಂಗಡಿಯನ್ನು ತಾನೇ ಕಳೆದುಕೊಂಡಳು ಎಂದು ಜನ ಆಕೆಯನ್ನೇ ಆಡಿಕೊಳ್ಳುತ್ತಿದ್ದರು. ಅದಕ್ಕೆ ಹೆಂಡತಿಯ ಬೈಗುಳವನ್ನು ತಾವೇ ನುಂಗಿಕೊಂಡಿದ್ದರು. ಅಮ್ಮಾವ್ರು ಕೋಟಿನ ತೋಳನ್ನು ಮುಖಕ್ಕೆ ಒತ್ತಿಕೊಂಡು ಬಹಳ ಹೊತ್ತು ಅತ್ತರು. ಟೈಲರಮ್ಮ ಇನ್ನೊಂದು ತೋಳಿನ ಹೊಲಿಗೆ ಮುಗಿಸಿದರು.

ಮಣ್ಣು ಮಾಡಿ ಬಂದ ಸಂಜೆ ಎಲ್ಲರೂ ಪ್ರಾರ್ಥನೆಗೆ ಕೂತರು. ಅಮ್ಮಾವ್ರು ಟೈಲರಮ್ಮನನ್ನು ಕರೆದು ಪಕ್ಕದಲ್ಲೇ ಕೂರಿಸಿಕೊಂಡರು. ಜಪಸರ ನಡೆಸಿದ್ದು ಮಗಳು. ಮುಗಿದ ಮೇಲೆ ಅಪ್ಪನ ಆ ಮಾತು ಹೇಳುವುದೋ ಬಿಡುವುದೋ ಎಂದು ಅಮ್ಮನ ಕಡೆ ನೋಡಿದಳು. ಅಮ್ಮಾವ್ರು ತಾವೇ ಶುರು ಮಾಡಿದರು.

"ಅವರ ನಾಲಿಗೆ ಸುಳ್ಳಿಗೆ ಬೀಳದಂತೆ ತಡೆದ ಕೈಯನ್ನು ಹರಸು, ಪ್ರಭುವೇ."

ಹೇಳುತ್ತ ಟೈಲರಮ್ಮನ ಕೈ ಹಿಡಿದುಕೊಂಡರು. ಸೂಜಿ ಚುಚ್ಚಿ ಚುಚ್ಚಿ ಒರಟಾದ ಬೆರಳುಗಳು ಅವು. ಮಕ್ಕಳು ಬಾಯಿ ತೆರೆಯುವ ಮೊದಲೇ ಅಮ್ಮಾವ್ರು ಆಮೆನ್ ಎಂದರು.